ಆಂಜಿಯೋಪ್ಲಾಸ್ಟಿಗೆ ಮುನ್ನ ಅಳೆದು ನೋಡಬೇಕಾದ ಅಪಾಯಗಳು

‘ಸಾರ್, ಆಂಜಿಯೋಗ್ರಾಂ ಮಾಡಿದ್ರು. ಎಂಬತ್ತು ಪರ್ಸೆಂಟ್ ಬ್ಲಾಕ್ ಇದೆಯಂತೆ. ಸ್ಟೆಂಟ್ ಹಾಕ್ಬೇಕು, ಬೇಗ ಒಪ್ಪಿಗೆ ಕೊಡಿ ಅಂತಿದಾರೆ. ಏನು ಮಾಡೋಣ?’

ಬೆಂಗಳೂರಿನ ಯಾವುದೋ ಆಸ್ಪತ್ರೆಯಿಂದ ಬರುವ ಇಂಥ ಫೋನು ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಸಾಮಾನ್ಯ ವೈದ್ಯರಿಗೆ ಹೊಸದಲ್ಲ. ಮನೆಯವರು ಗಾಬರಿಯಲ್ಲಿರುತ್ತಾರೆ. ಒಬ್ಬರು ‘ಹಾಕಿಸಿಬಿಡೋಣ’ ಎಂದರೆ ಇನ್ನೊಬ್ಬರು ‘ಬೇಡ, ಪಕ್ಕದ ಬೀದಿಯವರು ಹಾಕಿಸಿಕೊಂಡು ಒಂದು ತಿಂಗಳೂ ಬದುಕಲಿಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ರೋಗಿಯ ಪರೀಕ್ಷೆಗಳನ್ನು ನೋಡಿ ಹೇಳಿದ್ದಲ್ಲ. ಆಂಜಿಯೋಪ್ಲಾಸ್ಟಿ ಒಬ್ಬರಿಗೆ ಪ್ರಾಣ ಉಳಿಸುವ ಚಿಕಿತ್ಸೆ, ಇನ್ನೊಬ್ಬರಿಗೆ ನೋವು ಕಡಿಮೆ ಮಾಡುವ ಚಿಕಿತ್ಸೆ, ಮತ್ತೊಬ್ಬರಿಗೆ ಬೇಡವಾದ ಚಿಕಿತ್ಸೆ. ಯಾರಿಗೆ ಯಾವುದು ಎಂದು ನಿರ್ಧರಿಸಲು ವೈದ್ಯರು ಮಾಡುವ ಲೆಕ್ಕಾಚಾರಕ್ಕೆ ‘ಅಪಾಯದ ಅಂದಾಜು’ ಎನ್ನಬಹುದು. ಆ ಲೆಕ್ಕ ಹೇಗೆ ನಡೆಯುತ್ತದೆ, ಅದರಲ್ಲಿ ಮನೆಯವರ ಪಾತ್ರವೇನು ಎಂಬುದನ್ನು ಈ ವಾರ ನೋಡೋಣ.

ಆಂಜಿಯೋಪ್ಲಾಸ್ಟಿ ಎಂದರೇನು?

ಹೃದಯದ ಮಾಂಸಖಂಡಕ್ಕೆ ರಕ್ತ ಒದಗಿಸುವ ಕರೋನರಿ ರಕ್ತನಾಳಗಳ ಒಳಗೋಡೆಯಲ್ಲಿ ಕೊಬ್ಬು ಶೇಖರವಾಗಿ ನಾಳ ಕಿರಿದಾಗುತ್ತದೆ. ಕೈಯ ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕೊಳವೆಯನ್ನು ಹೃದಯದವರೆಗೆ ಸಾಗಿಸಿ, ಬಣ್ಣದ ದ್ರಾವಣ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವುದು ಆಂಜಿಯೋಗ್ರಾಂ. ಅದು ಪರೀಕ್ಷೆ. ಅದೇ ದಾರಿಯಲ್ಲಿ ಪುಟ್ಟ ಬಲೂನನ್ನು ಕಳಿಸಿ ಕಿರಿದಾದ ಜಾಗವನ್ನು ಹಿಗ್ಗಿಸಿ, ಮತ್ತೆ ಕುಗ್ಗದಂತೆ ಲೋಹದ ಜಾಲರಿ ಇಡುವುದು ಆಂಜಿಯೋಪ್ಲಾಸ್ಟಿ. ಅದು ಚಿಕಿತ್ಸೆ. ಎರಡೂ ಒಂದೇ ಎಂದುಕೊಂಡವರು ಬಹಳ ಮಂದಿ.

ಆ ಜಾಲರಿಯೇ ಸ್ಟೆಂಟ್. ನಮ್ಮ ಜಿಲ್ಲೆಯ ಅನೇಕರು ಈ ಪದವನ್ನು ಕೇಳಿದ್ದು ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮೀಜಿಯವರ ಕೊನೆಯ ವರ್ಷಗಳಲ್ಲಿ. ಅವರಿಗೆ ಹಾಕಿದ್ದು ಪಿತ್ತನಾಳದ ಸ್ಟೆಂಟ್, ಹೃದಯದ್ದಲ್ಲ. ಸ್ಟೆಂಟ್ ಎಂಬುದು ಮುಚ್ಚಿಕೊಳ್ಳುವ ಯಾವುದೇ ನಾಳವನ್ನು ತೆರೆದಿಡುವ ಆಸರೆ ಎಂಬುದಕ್ಕೆ ಇದೇ ಉದಾಹರಣೆ.

ಮೊಟ್ಟಮೊದಲ ಕರೋನರಿ ಆಂಜಿಯೋಪ್ಲಾಸ್ಟಿ ನಡೆದದ್ದು 1977ರ ಸೆಪ್ಟೆಂಬರ್ 16ರಂದು, ಸ್ವಿಟ್ಸರ್ಲೆಂಡಿನ ಜ್ಯೂರಿಚ್‌ನಲ್ಲಿ. ಮಾಡಿದವರು ಆಂಡ್ರಿಯಾಸ್ ಗ್ರುಂಟ್ಸಿಗ್. ಆಗ ಸ್ಟೆಂಟ್ ಇರಲಿಲ್ಲ, ಬಲೂನು ಮಾತ್ರ. ರೋಗಿಯ ವಯಸ್ಸು 38. ಗ್ರುಂಟ್ಸಿಗ್ ಸಿಕ್ಕವರಿಗೆಲ್ಲ ಬಲೂನು ಹಾಕಲಿಲ್ಲ. ಒಂದೇ ನಾಳದಲ್ಲಿ, ಒಂದೇ ಕಡೆ, ಚಿಕ್ಕದಾದ ಅಡಚಣೆ ಇದ್ದವರನ್ನು ಆರಿಸಿಕೊಂಡರು. ಏನಾದರೂ ಹೆಚ್ಚುಕಡಿಮೆಯಾದರೆ ಇರಲೆಂದು ಹೃದಯ ಶಸ್ತ್ರವೈದ್ಯರನ್ನೂ ಸಿದ್ಧವಾಗಿರಿಸಿದ್ದರು. ಅಂದರೆ ಅಪಾಯವನ್ನು ಅಳೆಯುವ ಕೆಲಸ ಈ ಚಿಕಿತ್ಸೆಯ ಮೊದಲ ದಿನದಿಂದಲೇ ಇದೆ.

ಮೊದಲ ಪ್ರಶ್ನೆ: ತುರ್ತೋ, ಅಲ್ಲವೋ?

ಎಲ್ಲ ಲೆಕ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಹೃದಯದ ನಾಳ ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿ ಮುಚ್ಚಿಕೊಂಡು ತೀವ್ರ ಹೃದಯಾಘಾತ ಆಗುತ್ತಿರುವಾಗ ಕಾಯುವುದೇ ದೊಡ್ಡ ಅಪಾಯ. ಪ್ರತಿ ನಿಮಿಷವೂ ಹೃದಯದ ಮಾಂಸಖಂಡ ಸಾಯುತ್ತಿರುತ್ತದೆ. ಆಗ ‘ಊರಿನಿಂದ ದೊಡ್ಡಪ್ಪ ಬರಲಿ, ಆಮೇಲೆ ಹೇಳುತ್ತೇವೆ’ ಎನ್ನುವುದು ತಪ್ಪು. ನಾಳವನ್ನು ಎಷ್ಟು ಬೇಗ ತೆರೆದರೆ ಅಷ್ಟು ಒಳ್ಳೆಯದು.

ಇಲ್ಲಿ ದೂರದ ಲೆಕ್ಕ ಮುಖ್ಯ. ಇ.ಸಿ.ಜಿ.ಯಲ್ಲಿ ತೀವ್ರ ಹೃದಯಾಘಾತ ಗೊತ್ತಾದ ಮೇಲೆ ಸುಮಾರು 120 ನಿಮಿಷಗಳೊಳಗೆ ಆಂಜಿಯೋಪ್ಲಾಸ್ಟಿ ಮಾಡಲು ಸಾಧ್ಯವಿದ್ದರೆ ಅದೇ ಉತ್ತಮ. ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಹತ್ತಿರದ ಆಸ್ಪತ್ರೆಯಲ್ಲೇ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ತುಮಕೂರಿನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರು. ಕುಣಿಗಲ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ. ಗುಬ್ಬಿಯಿಂದ ತುಮಕೂರಿಗೇ ಇನ್ನೊಂದು 20 ಕಿಲೋಮೀಟರು. ಕಾರು ಹುಡುಕುವುದು, ನೆಲಮಂಗಲದ ನಂತರದ ವಾಹನಸಂದಣಿ, ಆಸ್ಪತ್ರೆಯಲ್ಲಿ ದಾಖಲಾತಿ ಎಲ್ಲ ಸೇರಿದರೆ ಎರಡು ಗಂಟೆ ಸಲೀಸಾಗಿ ದಾಟುತ್ತದೆ. ಆದ್ದರಿಂದ ಎದೆನೋವು ಬಂದವರನ್ನು ಹತ್ತಿರದ ಆಸ್ಪತ್ರೆ ಬಿಟ್ಟು ನೇರವಾಗಿ ಬೆಂಗಳೂರಿಗೆ ಓಡಿಸಬಾರದು. ಮೊದಲು ಇ.ಸಿ.ಜಿ., ಆಮೇಲೆ ಪ್ರಯಾಣ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದ ಮೇಲೆ ರಾಜ್ಯದ ಜನ ಹೃದಯ ಪರೀಕ್ಷೆಗಾಗಿ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದನ್ನು ಕಂಡಿದ್ದೇವೆ. ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ‘ಹೃದಯ ಜ್ಯೋತಿ’ ಯೋಜನೆಯ ಉದ್ದೇಶ ಇದೇ: ಸಣ್ಣ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ಕೂಡಲೇ ನೋಡಿ ಹೇಳುವುದು, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಡುವುದು.

ಈ ಇಂಜೆಕ್ಷನ್ನಿಗೂ ಅಪಾಯದ ಲೆಕ್ಕವಿದೆ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿದ್ದವರಿಗೆ, ಇತ್ತೀಚೆಗೆ ಪಾರ್ಶ್ವವಾಯು ಅಥವಾ ದೊಡ್ಡ ಆಪರೇಷನ್ ಆಗಿದ್ದವರಿಗೆ, ಎಲ್ಲಾದರೂ ರಕ್ತ ಸೋರುತ್ತಿರುವವರಿಗೆ ಇದನ್ನು ಕೊಡಲಾಗದು. ‘ಎರಡು ತಿಂಗಳ ಹಿಂದೆ ಬಲಗೈ ಸ್ವಾಧೀನ ತಪ್ಪಿತ್ತು’ ಎಂಬ ಮಾತನ್ನು ಮನೆಯವರು ಆ ಕ್ಷಣದಲ್ಲಿ ಹೇಳದಿದ್ದರೆ ಹೇಳುವವರು ಬೇರೆ ಯಾರೂ ಇರುವುದಿಲ್ಲ.

ಏಳು ಅಂಶಗಳ ಲೆಕ್ಕ

ತುರ್ತಲ್ಲದ ಸಂದರ್ಭದಲ್ಲಿ, ಅಥವಾ ಆಘಾತವಾಗಿ ಸ್ವಲ್ಪ ಸುಧಾರಿಸಿಕೊಂಡ ಮೇಲೆ, ಅಂದಾಜು ಮಾಡಲು ಸಮಯ ಸಿಗುತ್ತದೆ. ಇದಕ್ಕಾಗಿ ಅನೇಕ ಅಂಕಪದ್ಧತಿಗಳಿವೆ. ಅಮೆರಿಕದ ಮೇಯೋ ಕ್ಲಿನಿಕ್‌ನವರು 2007ರಲ್ಲಿ ಪ್ರಕಟಿಸಿದ ಪದ್ಧತಿಯ ವಿಶೇಷವೆಂದರೆ ಅದಕ್ಕೆ ಆಂಜಿಯೋಗ್ರಾಂ ಕೂಡ ಬೇಕಿಲ್ಲ. ಏಳೇ ಅಂಶಗಳು ಸಾಕು: ವಯಸ್ಸು, ಇತ್ತೀಚಿನ ಹೃದಯಾಘಾತ, ರಕ್ತದೊತ್ತಡ ಕುಸಿದು ಆಘಾತಸ್ಥಿತಿಯಲ್ಲಿದ್ದಾರೆಯೇ ಎಂಬುದು, ಹೃದಯ ವೈಫಲ್ಯದ ಲಕ್ಷಣಗಳು, ಅಂದರೆ ರಾತ್ರಿ ಮಲಗಿದರೆ ಉಬ್ಬಸ, ಕಾಲೂತ, ಎಕೋ ಪರೀಕ್ಷೆಯಲ್ಲಿ ಕಾಣುವ ಹೃದಯದ ಪಂಪಿನ ಶಕ್ತಿ, ರಕ್ತದಲ್ಲಿ ಕ್ರಿಯಾಟಿನಿನ್ ಪ್ರಮಾಣ, ಕೈಕಾಲುಗಳ ರಕ್ತನಾಳಗಳ ಕಾಯಿಲೆ.

ಗಮನಿಸಿ, ಇವುಗಳಲ್ಲಿ ಯಾವುದಕ್ಕೂ ದೊಡ್ಡ ನಗರ ಬೇಕಿಲ್ಲ. ವಯಸ್ಸು ಮನೆಯವರಿಗೆ ಗೊತ್ತು. ಮಲಗಿದಾಗ ಎಷ್ಟು ದಿಂಬು ಬೇಕು, ನಡೆದಾಗ ಮೀನಖಂಡ ನೋಯುತ್ತದೆಯೇ ಎಂಬುದನ್ನು ಕೇಳಿ ತಿಳಿಯಬಹುದು. ಕ್ರಿಯಾಟಿನಿನ್ ಪರೀಕ್ಷೆ ಗುಬ್ಬಿಯಲ್ಲೂ ಆಗುತ್ತದೆ, ಕುಣಿಗಲ್‌ನಲ್ಲೂ ಆಗುತ್ತದೆ. ಎಕೋ ತುಮಕೂರಿನಲ್ಲಿ ಆಗುತ್ತದೆ. ಇಷ್ಟನ್ನು ಊರಿನಲ್ಲೇ ಮಾಡಿಸಿ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋದ ರೋಗಿಯ ಬಗ್ಗೆ ಬೆಂಗಳೂರಿನ ತಜ್ಞರು ಒಳ್ಳೆಯ ನಿರ್ಧಾರ ಮಾಡಬಲ್ಲರು.

ಎಂಬತ್ತು ಪರ್ಸೆಂಟ್, ಇಬ್ಬರು ರೋಗಿಗಳು

ವಿಷಯ ಸ್ಪಷ್ಟವಾಗಲೆಂದು ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬರು ಗುಬ್ಬಿ ತಾಲ್ಲೂಕಿನ ಅಡಿಕೆ ಬೆಳೆಗಾರರು, 52 ವರ್ಷ. ಆರು ತಿಂಗಳಿಂದ ದಿಬ್ಬ ಹತ್ತಿದರೆ ಎದೆ ಹಿಡಿದಂತಾಗುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಪಂಪಿನ ಶಕ್ತಿ ಶೇ. 60, ಕ್ರಿಯಾಟಿನಿನ್ 0.9. ಇನ್ನೊಬ್ಬರು ಕುಣಿಗಲ್ ಕಡೆಯ ಅಜ್ಜಿ, 74 ವರ್ಷ. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ. ಹತ್ತು ದಿನಗಳ ಹಿಂದೆ ಸಣ್ಣ ಹೃದಯಾಘಾತ, ರಾತ್ರಿ ಉಬ್ಬಸ. ಪಂಪಿನ ಶಕ್ತಿ ಶೇ. 35, ಕ್ರಿಯಾಟಿನಿನ್ 2.1, ಹಿಮೋಗ್ಲೋಬಿನ್ 9. ಇಬ್ಬರಿಗೂ ಆಂಜಿಯೋಗ್ರಾಂನಲ್ಲಿ ಕಂಡದ್ದು ಶೇ. 80 ಅಡಚಣೆ.

ಬ್ಲಾಕಿನ ಅಂಕಿ ಒಂದೇ, ಅಪಾಯ ಮಾತ್ರ ಅಜಗಜಾಂತರ. ಬೆಳೆಗಾರರಿಗೆ ಆಂಜಿಯೋಪ್ಲಾಸ್ಟಿಯ ಅಪಾಯ ಬಹಳ ಕಡಿಮೆ. ಸ್ಥಿರ ಸ್ಥಿತಿಯಲ್ಲಿರುವ ಇಂಥವರಲ್ಲಿ ಈ ಚಿಕಿತ್ಸೆಯಿಂದ ಸಾವು ಸಂಭವಿಸುವುದು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಅಜ್ಜಿಯ ಅಪಾಯ ಅದರ ಹಲವು ಪಟ್ಟು. ತೀವ್ರ ಹೃದಯಾಘಾತದ ನಡುವೆ ಮಾಡುವ ತುರ್ತು ಆಂಜಿಯೋಪ್ಲಾಸ್ಟಿಯಲ್ಲಿ ನೂರಕ್ಕೆ ಸುಮಾರು ಐವರು ಉಳಿಯದಿರಬಹುದು. ರಕ್ತದೊತ್ತಡ ಕುಸಿದು ಆಘಾತಸ್ಥಿತಿಯಲ್ಲಿ ಬಂದವರಲ್ಲಿ ಚಿಕಿತ್ಸೆಯ ನಂತರವೂ ನೂರಕ್ಕೆ 40ರಿಂದ 50 ಮಂದಿ ತೀರಿಕೊಳ್ಳುತ್ತಾರೆ. ಅವರಲ್ಲಿ ಬಹುಪಾಲು ಜನರನ್ನು ಕೊಲ್ಲುವುದು ರೋಗವೇ ಹೊರತು ಸ್ಟೆಂಟ್ ಅಲ್ಲ. ‘ಸ್ಟೆಂಟ್ ಹಾಕಿದ್ದಕ್ಕೇ ಹೋದರು’ ಎಂಬ ಮಾತು ಹುಟ್ಟುವುದು ಈ ವ್ಯತ್ಯಾಸ ತಿಳಿಯದೆ.

ಹಾಗಾದರೆ ಬೆಳೆಗಾರರಿಗೆ ಹಾಕಿ, ಅಜ್ಜಿಗೆ ಬಿಡೋಣವೇ? ಇಲ್ಲಿಯೇ ಲೆಕ್ಕದ ಇನ್ನೊಂದು ಮಗ್ಗುಲು ಬರುತ್ತದೆ. ಅಪಾಯದ ಜೊತೆಗೆ ಲಾಭವನ್ನೂ ತೂಗಬೇಕು.

ಸ್ಥಿರ ಎದೆನೋವಿನಲ್ಲಿ ಸ್ಟೆಂಟಿನಿಂದ ಲಾಭವೆಷ್ಟು?

ಈ ಪ್ರಶ್ನೆಗೆ ಉತ್ತರ ಹುಡುಕಿದ ದೊಡ್ಡ ಅಧ್ಯಯನಗಳಿವೆ. 2007ರಲ್ಲಿ ಪ್ರಕಟವಾದ ‘ಕರೇಜ್’ ಅಧ್ಯಯನ ಅಮೆರಿಕ, ಕೆನಡಾಗಳ 2,287 ರೋಗಿಗಳ ಮೇಲೆ ನಡೆಯಿತು. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಭಾರತವೂ ಸೇರಿ 37 ದೇಶಗಳ 5,179 ರೋಗಿಗಳಿದ್ದರು. ಎರಡರ ಸಾರ ಒಂದೇ: ಸ್ಥಿರವಾದ ಎದೆನೋವಿನ ರೋಗಿಗಳಲ್ಲಿ ಒಳ್ಳೆಯ ಔಷಧ ಚಿಕಿತ್ಸೆಯ ಮೇಲೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ ಮಾತ್ರಕ್ಕೆ ಅಧ್ಯಯನದ ಅವಧಿಯಲ್ಲಿ ಸಾವು ಕಡಿಮೆಯಾಗಲಿಲ್ಲ. ಆದರೆ ಪದೇ ಪದೇ ಎದೆನೋವು ಬರುತ್ತಿದ್ದವರಿಗೆ ನೋವು ಚೆನ್ನಾಗಿ ಕಡಿಮೆಯಾಯಿತು.

ಎಡಭಾಗದ ಮುಖ್ಯ ನಾಳದಲ್ಲೇ ಅಡಚಣೆ ಇದ್ದವರು, ಪಂಪಿನ ಶಕ್ತಿ ತೀರಾ ಕುಗ್ಗಿದ್ದವರು, ಆಗ ತಾನೇ ಹೃದಯಾಘಾತವಾದವರು ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಇರಲಿಲ್ಲ. ಆದ್ದರಿಂದ ‘ಸ್ಟೆಂಟ್ ಬೇಡ ಅಂತ ಪೇಪರಿನಲ್ಲಿ ಬಂದಿದೆ’ ಎಂದು ಅವರು ಚಿಕಿತ್ಸೆ ತಪ್ಪಿಸಿಕೊಳ್ಳಬಾರದು.

ಈಗ ನಮ್ಮ ಬೆಳೆಗಾರರನ್ನು ನೋಡಿ. ಅವರ ಅಪಾಯ ಕಡಿಮೆ, ಆದರೆ ಸ್ಟೆಂಟಿನ ಲಾಭವೂ ನೋವು ನಿವಾರಣೆಗೆ ಸೀಮಿತ. ಅಡಚಣೆ ಎಡಭಾಗದ ಮುಖ್ಯ ನಾಳದಲ್ಲಿಲ್ಲ ಎಂದು ಖಚಿತವಾದರೆ ಅವರಿಗೆ ಅರ್ಧ ಗಂಟೆಯ ಗಡುವು ಬೇಕಿಲ್ಲ. ಮಾತ್ರೆ, ಪಥ್ಯ, ನಡಿಗೆ ಆರಂಭಿಸಿ, ಬೀಡಿ ಬಿಟ್ಟು ಕೆಲವು ವಾರ ನೋಡಬಹುದು. ನೋವು ನಿಂತರೆ ಹಾಗೇ ಮುಂದುವರಿಸಬಹುದು. ತೋಟದ ಕೆಲಸಕ್ಕೆ ಅಡ್ಡಿಯಾಗುವಷ್ಟು ನೋವು ಉಳಿದರೆ ಸ್ಟೆಂಟ್ ಹಾಕಿಸಿಕೊಳ್ಳಬಹುದು. ಆದರೆ ಈ ನಡುವೆ ನೋವು ಸುಮ್ಮನೆ ಕೂತಾಗಲೂ ಬರತೊಡಗಿದರೆ, ಹೆಚ್ಚು ಹೊತ್ತು ಇದ್ದರೆ, ಅದು ಸ್ಥಿರ ಸ್ಥಿತಿಯಲ್ಲ. ಅಂದೇ ಆಸ್ಪತ್ರೆಗೆ ಹೋಗಬೇಕು.

ಅಜ್ಜಿಯ ಮಾತೇ ಬೇರೆ. ಅವರಿಗೆ ಚಿಕಿತ್ಸೆಯ ಅಪಾಯ ಹೆಚ್ಚು, ಹಾಗೆಯೇ ಚಿಕಿತ್ಸೆ ಇಲ್ಲದಿದ್ದರೆ ಮತ್ತೆ ಆಘಾತವಾಗುವ ಅಪಾಯವೂ ಹೆಚ್ಚು. ಇಂಥವರಿಗೇ ಲಾಭ ಜಾಸ್ತಿ ಇರಬಹುದು. ವೈದ್ಯಲೋಕ ಗಮನಿಸಿರುವ ಒಂದು ವಿಪರ್ಯಾಸವಿದೆ: ಯಾರಿಗೆ ಅಪಾಯ ಹೆಚ್ಚೋ ಅವರಿಗೆ ಚಿಕಿತ್ಸೆ ಸಿಗುವುದು ಕಡಿಮೆ. ಇದರಲ್ಲಿ ಹೆಂಗಸರು, ವಯಸ್ಸಾದವರು, ಮೂತ್ರಪಿಂಡದ ತೊಂದರೆ ಇರುವವರು ಮುಂದಿದ್ದಾರೆ. ‘ಈ ವಯಸ್ಸಿನಲ್ಲಿ ಯಾಕೆ ಹಿಂಸೆ’ ಎಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಅಂದಾಜು ಮಾಡುವುದು ರೋಗಿಯನ್ನು ತಿರಸ್ಕರಿಸಲಿಕ್ಕಲ್ಲ, ಸರಿಯಾಗಿ ಸಿದ್ಧಪಡಿಸಲಿಕ್ಕೆ. ಆ ಸಿದ್ಧತೆ ಏನೆಂದು ನೋಡೋಣ.

ಮೂತ್ರಪಿಂಡ: ಮರೆತುಹೋಗುವ ಅಂಗ

ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿಗೆ ಬಳಸುವ ಬಣ್ಣದ ದ್ರಾವಣ ಮೂತ್ರಪಿಂಡದ ಮೂಲಕ ಹೊರಹೋಗಬೇಕು. ಮೂತ್ರಪಿಂಡ ಮೊದಲೇ ಸೊರಗಿದ್ದರೆ ಈ ದ್ರಾವಣದಿಂದ ಇನ್ನಷ್ಟು ಕೆಡಬಹುದು. ಸಕ್ಕರೆ ಕಾಯಿಲೆಯವರು, ವೃದ್ಧರು, ಪಂಪಿನ ಶಕ್ತಿ ಕಡಿಮೆ ಇರುವವರು, ಮೈಯಲ್ಲಿ ನೀರಿನಂಶ ಕಡಿಮೆಯಾದವರು ಹೆಚ್ಚು ಎಚ್ಚರವಾಗಿರಬೇಕು.

ಕ್ರಿಯಾಟಿನಿನ್ ಅಂಕಿಯನ್ನು ಒಂದನ್ನೇ ನೋಡಿದರೆ ಸಾಲದು. ಗಟ್ಟಿಮುಟ್ಟಾದ ಯುವಕನಲ್ಲಿ 1.3 ಇದ್ದರೆ ಚಿಂತೆಯಿಲ್ಲದಿರಬಹುದು; ಸಣಕಲು ದೇಹದ ಅಜ್ಜಿಯಲ್ಲಿ ಅದೇ 1.3 ಎಂದರೆ ಮೂತ್ರಪಿಂಡ ಅರ್ಧದಷ್ಟೇ ಕೆಲಸ ಮಾಡುತ್ತಿರಬಹುದು. ಆದ್ದರಿಂದ ವಯಸ್ಸು, ಲಿಂಗ ಸೇರಿಸಿ ಮೂತ್ರಪಿಂಡದ ಸೋಸುವ ಶಕ್ತಿಯನ್ನು ಲೆಕ್ಕ ಹಾಕುತ್ತಾರೆ. ಅದು ಕಡಿಮೆಯಿದ್ದರೆ ಮೊದಲೇ ಸಲೈನ್ ಕೊಡುವುದು, ದ್ರಾವಣವನ್ನು ಆದಷ್ಟು ಕಡಿಮೆ ಬಳಸುವುದು, ಹಲವು ನಾಳಗಳಿದ್ದರೆ ಒಂದೇ ದಿನ ಎಲ್ಲವನ್ನೂ ಮಾಡದೆ ಕಂತಿನಲ್ಲಿ ಮಾಡುವುದು ರೂಢಿ. ಹೃದಯ ವೈಫಲ್ಯ ಇದ್ದವರಿಗೆ ಸಲೈನ್ ಜಾಸ್ತಿಯಾದರೆ ಉಬ್ಬಸ ಬರುತ್ತದೆ. ಅದನ್ನು ಕೂಡ ಅಳತೆಯಲ್ಲೇ ಕೊಡಬೇಕು.

ನಮ್ಮ ಕಡೆ ಮೈಕೈ ನೋವಿಗೆ, ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಬ್ರೂಫೆನ್ ಮಾತ್ರೆಗಳನ್ನು ತಂದು ನುಂಗುವ ಅಭ್ಯಾಸ ಬಲವಾಗಿದೆ. ಇವು ಮೂತ್ರಪಿಂಡಕ್ಕೂ ಕೆಟ್ಟದ್ದು, ಸ್ಟೆಂಟಿನ ಮಾತ್ರೆಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವಕ್ಕೂ ದಾರಿ. ಇಂಥ ಮಾತ್ರೆ ನುಂಗುತ್ತಿದ್ದರೆ ಮುಚ್ಚಿಡದೆ ಹೇಳಿ. ನಾಟಿ ಔಷಧಿ, ಭಸ್ಮ ತೆಗೆದುಕೊಳ್ಳುತ್ತಿದ್ದರೂ ಹೇಳಿ. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆಯನ್ನು ಕೆಲವರು ಎರಡು ದಿನ ನಿಲ್ಲಿಸಬೇಕಾಗುತ್ತದೆ. ವೈದ್ಯರನ್ನು ಕೇಳಿಯೇ ನಿಲ್ಲಿಸಿ.

ಊರಿಗೆ ಮರಳಿದ ಮೇಲೆ ಎರಡು ಮೂರು ದಿನಗಳೊಳಗೆ ಕ್ರಿಯಾಟಿನಿನ್ನನ್ನು ಮತ್ತೊಮ್ಮೆ ಪರೀಕ್ಷಿಸಿಕೊಳ್ಳುವುದು ಇಂಥವರಿಗೆ ಅತ್ಯಗತ್ಯ. ಖರ್ಚು ಅಲ್ಪ, ಲಾಭ ದೊಡ್ಡದು.

ರಕ್ತಸ್ರಾವದ ಲೆಕ್ಕ

ಸ್ಟೆಂಟ್ ಒಂದು ಪರಕೀಯ ಲೋಹ. ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ನಾಳ ಥಟ್ಟನೆ ಮುಚ್ಚಿ ಮತ್ತೆ ಹೃದಯಾಘಾತವಾಗುತ್ತದೆ. ಅದನ್ನು ತಡೆಯಲು ಆಸ್ಪಿರಿನ್ ಜೊತೆಗೆ ಕ್ಲೋಪಿಡೋಗ್ರೆಲ್, ಟಿಕಾಗ್ರೆಲಾರ್ ಅಥವಾ ಪ್ರಸುಗ್ರೆಲ್ ಪೈಕಿ ಒಂದನ್ನು ಕೊಡುತ್ತಾರೆ. ಸಾಮಾನ್ಯವಾಗಿ ಸ್ಥಿರ ಸ್ಥಿತಿಯಲ್ಲಿ ಹಾಕಿಸಿಕೊಂಡವರಿಗೆ ಎರಡೂ ಮಾತ್ರೆ ಆರು ತಿಂಗಳು, ಹೃದಯಾಘಾತವಾದವರಿಗೆ ಒಂದು ವರ್ಷ. ಆಮೇಲೂ ಒಂದು ಮಾತ್ರೆ ಮುಂದುವರಿಯುತ್ತದೆ.

ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ರಕ್ತ ಸೋರುವುದಕ್ಕೂ ಕಾರಣವಾಗಬಹುದು. ಆದ್ದರಿಂದ ಸ್ಟೆಂಟ್ ಹಾಕುವ ಮೊದಲೇ ಕೇಳಬೇಕಾದವು: ವಯಸ್ಸು 75 ದಾಟಿದೆಯೇ? ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯೇ? ಪ್ಲೇಟ್‌ಲೆಟ್ ಕಡಿಮೆಯೇ? ಹಿಂದೆ ಹೊಟ್ಟೆಹುಣ್ಣಿನಿಂದ ರಕ್ತ ಹೋಗಿತ್ತೇ, ಮಲ ಟಾರಿನಂತೆ ಕಪ್ಪಗೆ ಹೋಗುತ್ತಿದೆಯೇ? ಮೂಲವ್ಯಾಧಿಯಿಂದ ರಕ್ತ ಬರುತ್ತಿದೆಯೇ? ಪಾರ್ಶ್ವವಾಯು ಆಗಿತ್ತೇ? ಲಿವರ್ ಕಾಯಿಲೆ ಇದೆಯೇ? ಹೆಂಗಸರಲ್ಲಿ ಮುಟ್ಟಿನ ರಕ್ತಸ್ರಾವ ಅತಿಯಾಗಿದೆಯೇ? ಈ ಕೊನೆಯ ಪ್ರಶ್ನೆಯನ್ನು ವೈದ್ಯರು ಕೇಳಲು ಮರೆಯುತ್ತಾರೆ, ಹೆಂಗಸರು ಹೇಳಲು ಸಂಕೋಚಪಡುತ್ತಾರೆ.

ನಮ್ಮ ಅಜ್ಜಿಯ ಹಿಮೋಗ್ಲೋಬಿನ್ 9 ಎಂದೆವಲ್ಲ, ಅದು ಸಣ್ಣ ವಿಷಯವಲ್ಲ. ರಕ್ತ ಎಲ್ಲಾದರೂ ಸೋರುತ್ತಿದೆಯೇ, ಮೂತ್ರಪಿಂಡದ ಕಾರಣದಿಂದಲೇ, ಕಬ್ಬಿಣದ ಕೊರತೆಯೇ ಎಂದು ತಿಳಿಯಬೇಕು. ಕಾರಣ ಗೊತ್ತಾದರೆ ಎರಡು ಮಾತ್ರೆಗಳ ಅವಧಿಯನ್ನು ಕಡಿಮೆ ಮಾಡಬಹುದು. ಔಷಧ ಲೇಪಿತ ಹೊಸ ಸ್ಟೆಂಟ್‌ಗಳಲ್ಲಿ ರಕ್ತಸ್ರಾವದ ಅಪಾಯ ಹೆಚ್ಚಿರುವವರಿಗೆ ಒಂದರಿಂದ ಮೂರು ತಿಂಗಳಿಗೇ ಎರಡನೆಯ ಮಾತ್ರೆ ನಿಲ್ಲಿಸಲು ತಜ್ಞರು ಒಪ್ಪುವ ಸಂದರ್ಭಗಳಿವೆ. ಪಾರ್ಶ್ವವಾಯು ಆದವರಿಗೆ ಪ್ರಸುಗ್ರೆಲ್ ಕೊಡುವುದಿಲ್ಲ. ಕೊಳವೆಯನ್ನು ತೊಡೆಸಂದಿನ ಬದಲು ಮಣಿಕಟ್ಟಿನಿಂದ ಹಾಕಿದರೆ ಆ ಜಾಗದ ರಕ್ತಸ್ರಾವ ಕಡಿಮೆ.

ಇನ್ನೊಂದು ಮುಖ್ಯ ಸಂಗತಿ. ಮುಂದಿನ ಆರೆಂಟು ತಿಂಗಳಲ್ಲಿ ಹರ್ನಿಯಾ, ಗರ್ಭಕೋಶ, ಮಂಡಿ ಬದಲಾವಣೆ ಇಂಥ ಆಪರೇಷನ್ ಆಗಬೇಕಿದ್ದರೆ ಸ್ಟೆಂಟಿಗೆ ಮುನ್ನವೇ ತಿಳಿಸಬೇಕು. ಸ್ಟೆಂಟ್ ಹಾಕಿದ ಹೊಸತರಲ್ಲಿ ಆಪರೇಷನ್ನಿಗಾಗಿ ಮಾತ್ರೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಕೊಳ್ಳುವ ಅಪಾಯವಿದೆ. ಹಲ್ಲು ಕೀಳಿಸಲೆಂದು ತಾವೇ ಮಾತ್ರೆ ನಿಲ್ಲಿಸುವವರಿದ್ದಾರೆ. ಹೃದಯ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

ನಾಳದ ಚಿತ್ರ ಏನು ಹೇಳುತ್ತದೆ?

ಆಂಜಿಯೋಗ್ರಾಂ ಆದ ಮೇಲೆ ಲೆಕ್ಕಕ್ಕೆ ಹೊಸ ಅಂಶಗಳು ಸೇರುತ್ತವೆ. ಎಷ್ಟು ನಾಳಗಳಲ್ಲಿ ಅಡಚಣೆ, ಎಡಭಾಗದ ಮುಖ್ಯ ನಾಳದಲ್ಲಿದೆಯೇ, ಕವಲೊಡೆಯುವ ಜಾಗದಲ್ಲಿದೆಯೇ, ಸುಣ್ಣ ಕಟ್ಟಿ ಗಟ್ಟಿಯಾಗಿದೆಯೇ, ಬಹುಕಾಲದಿಂದ ಪೂರ್ತಿ ಮುಚ್ಚಿದೆಯೇ? ಇವನ್ನೆಲ್ಲ ಸೇರಿಸಿ ‘ಸಿಂಟ್ಯಾಕ್ಸ್’ ಎಂಬ ಅಂಕ ಕೊಡುತ್ತಾರೆ. 22 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ಸರಳ, 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜಟಿಲ. ಜಟಿಲವಾದಷ್ಟೂ ಬೈಪಾಸ್ ಶಸ್ತ್ರಚಿಕಿತ್ಸೆಯ ಕಡೆ ತಕ್ಕಡಿ ವಾಲುತ್ತದೆ. ಸಕ್ಕರೆ ಕಾಯಿಲೆಯ ಜೊತೆ ಹಲವು ನಾಳಗಳಲ್ಲಿ ಅಡಚಣೆ ಇದ್ದವರಿಗೆ ಬೈಪಾಸ್‌ನಿಂದ ಆಯುಷ್ಯ ಹೆಚ್ಚೆಂದು 1,900 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ‘ಫ್ರೀಡಂ’ ಅಧ್ಯಯನ ತೋರಿಸಿತು. ‘ಎದೆ ಕೊಯ್ಯೋದು ಬೇಡ, ನಾಲ್ಕಾದರೂ ಸರಿ ಸ್ಟೆಂಟೇ ಹಾಕಿಬಿಡಿ’ ಎಂದು ಹಟ ಹಿಡಿಯುವವರು ಇದನ್ನು ತಿಳಿದಿರಬೇಕು.

ಅಡಚಣೆಯ ಪರ್ಸೆಂಟ್ ಕಣ್ಣಳತೆಯ ಅಂದಾಜು. ಶೇ. 50ರಿಂದ 70ರ ನಡುವೆ ಇದ್ದಾಗ ಅದು ನಿಜವಾಗಿ ರಕ್ತದ ಹರಿವನ್ನು ತಡೆಯುತ್ತಿದೆಯೇ ಎಂದು ಒಳಗಿನ ಒತ್ತಡವನ್ನು ಅಳೆದು ತಿಳಿಯುವ ತಂತಿಯ ಪರೀಕ್ಷೆ ಇದೆ. ಅಡಚಣೆಯ ಆಚೆಗಿನ ಒತ್ತಡ ಈಚೆಗಿನದರ 0.80 ಪಾಲು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದು ಮುಖ್ಯ ಅಡಚಣೆ.

ಹಣವೂ ಒಂದು ಅಂಶ

ಅಪಾಯದ ಪಟ್ಟಿಯಲ್ಲಿ ಹಣವನ್ನು ಸೇರಿಸಿದ್ದಕ್ಕೆ ಓದುಗರು ಆಶ್ಚರ್ಯಪಡಬಾರದು. ಸ್ಟೆಂಟಿಗೆ ಹೇಗೋ ಹಣ ಹೊಂದಿಸಿ, ಮೂರನೇ ತಿಂಗಳಿಗೆ ಮಾತ್ರೆಗೆ ಹಣವಿಲ್ಲದೆ ನಿಲ್ಲಿಸಿದರೆ ಹಾಕಿಸಿದ್ದು ವ್ಯರ್ಥ ಮಾತ್ರವಲ್ಲ, ಅಪಾಯಕಾರಿ. ಆದ್ದರಿಂದ ‘ತಿಂಗಳಿಗೆ ಮಾತ್ರೆಯ ಖರ್ಚು ಎಷ್ಟು?’ ಎಂಬುದನ್ನು ಮೊದಲೇ ಕೇಳಿ. ದುಬಾರಿ ಮಾತ್ರೆ ಸಾಧ್ಯವಿಲ್ಲವೆಂದರೆ ವೈದ್ಯರು ಕಡಿಮೆ ಬೆಲೆಯ ಕ್ಲೋಪಿಡೋಗ್ರೆಲ್ ಬರೆದುಕೊಡಬಹುದು. ಹೇಳಿಕೊಳ್ಳಲು ನಾಚಿಕೆ ಬೇಡ.

2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟುಗಳ ಬೆಲೆಗೆ ಮಿತಿ ಹಾಕಿತು. ಅಂದು ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧ ಲೇಪಿತಕ್ಕೆ 29,600 ರೂಪಾಯಿ ನಿಗದಿಯಾಯಿತು. ಆನಂತರ ಬೆಲೆ ಪರಿಷ್ಕರಣೆಯಾಗುತ್ತ ಬಂದಿದೆ, ಆದರೆ ಮಿತಿ ಇದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಪ್ರತ್ಯೇಕವಾಗಿ ತೋರಿಸುವಂತೆ ಕೇಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದಾದ್ದರಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಹೊರಡುವುದು ಜಾಣತನ. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಸರ್ಕಾರಿ ಸ್ವಾಯತ್ತ ಸಂಸ್ಥೆಯಾಗಿದ್ದು ಬಡವರಿಗೆ ರಿಯಾಯಿತಿಯಲ್ಲಿ ಚಿಕಿತ್ಸೆ ನೀಡುತ್ತಿದೆ. ಜಮೀನು ಮಾರುವ ಮೊದಲು ಇವನ್ನೆಲ್ಲ ವಿಚಾರಿಸಿ.

ಹೊರಡುವ ಮುನ್ನ ಜೊತೆಯಲ್ಲಿರಲಿ

1. ಹಳೆಯ ಇ.ಸಿ.ಜಿ.ಗಳು, ಎಕೋ ವರದಿ. ಹೊಸ ಇ.ಸಿ.ಜಿ.ಯನ್ನು ಹೋಲಿಸಲು ಹಳೆಯದು ಬಹಳ ಉಪಯುಕ್ತ.

2. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಸಕ್ಕರೆ ಪರೀಕ್ಷೆಗಳ ಇತ್ತೀಚಿನ ಫಲಿತಾಂಶ.

3. ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ. ಪಟ್ಟಿ ಮಾಡಲಾಗದಿದ್ದರೆ ಮಾತ್ರೆಯ ಚೀಟಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಳ್ಳಿ.

4. ಹಿಂದೆ ಸ್ಕ್ಯಾನಿಂಗ್ ಅಥವಾ ಆಂಜಿಯೋಗ್ರಾಂ ದ್ರಾವಣದಿಂದ, ಯಾವುದಾದರೂ ಇಂಜೆಕ್ಷನ್ನಿನಿಂದ ಅಲರ್ಜಿಯಾಗಿದ್ದರೆ ಅದರ ಮಾಹಿತಿ.

5. ಆಗಿರುವ ಮತ್ತು ಆಗಬೇಕಾಗಿರುವ ಆಪರೇಷನ್‌ಗಳ ವಿವರ.

6. ಬಿ.ಪಿ.ಎಲ್. ಕಾರ್ಡ್, ಆಧಾರ್ ಕಾರ್ಡ್.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ತುರ್ತು ಸ್ಥಿತಿಯಲ್ಲಿ ಒಂದೇ ಪ್ರಶ್ನೆ ಸಾಕು: ‘ಇದು ನಡೆಯುತ್ತಿರುವ ಹೃದಯಾಘಾತವೇ?’ ಹೌದೆಂದರೆ ಸಹಿ ಹಾಕಿ, ತಡಮಾಡಬೇಡಿ. ಅಲ್ಲವೆಂದರೆ ವಿನಯದಿಂದ ಈ ಪ್ರಶ್ನೆಗಳನ್ನು ಕೇಳಬಹುದು. ಈ ಸ್ಟೆಂಟಿನಿಂದ ಆಯುಷ್ಯ ಹೆಚ್ಚುತ್ತದೆಯೇ ಅಥವಾ ನೋವು ಕಡಿಮೆಯಾಗುತ್ತದೆಯೇ? ಔಷಧದಿಂದಲೇ ನೋಡಿಕೊಂಡರೆ ಏನಾಗಬಹುದು? ಬೈಪಾಸ್ ಉತ್ತಮವೇ? ನಮ್ಮ ರೋಗಿಯ ಮಟ್ಟಿಗೆ ವಿಶೇಷ ಅಪಾಯ ಯಾವುದು: ಮೂತ್ರಪಿಂಡವೇ, ರಕ್ತಸ್ರಾವವೇ, ಪಂಪಿನ ಶಕ್ತಿಯೇ? ಎರಡು ಮಾತ್ರೆ ಎಷ್ಟು ತಿಂಗಳು?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಅನುಮಾನ ಉಳಿದರೆ ಆಂಜಿಯೋಗ್ರಾಂನ ಸಿ.ಡಿ. ಪಡೆದು ಇನ್ನೊಬ್ಬ ತಜ್ಞರಿಗೆ ತೋರಿಸುವ ಹಕ್ಕು ನಿಮಗಿದೆ. ಸ್ಥಿರ ಸ್ಥಿತಿಯಲ್ಲಿರುವವರಿಗೆ ಅದಕ್ಕೆ ಬೇಕಾದ ಒಂದೆರಡು ದಿನಗಳಿಂದ ಸಾಮಾನ್ಯವಾಗಿ ತೊಂದರೆಯಾಗದು.

ಕೊನೆಯದಾಗಿ ಒಂದು ಮಾತು. ಸ್ಟೆಂಟ್ ಸರಿಮಾಡುವುದು ನಾಳದ ಒಂದೆರಡು ಅಂಗುಲವನ್ನು ಮಾತ್ರ. ಉಳಿದ ನಾಳಗಳೆಲ್ಲ ಅದೇ ದೇಹದಲ್ಲಿ, ಅದೇ ಸಕ್ಕರೆ, ಅದೇ ರಕ್ತದೊತ್ತಡ, ಅದೇ ಬೀಡಿ ಹೊಗೆಯ ನಡುವೆ ಇರುತ್ತವೆ. ಕೊಬ್ಬು ತಗ್ಗಿಸುವ ಮಾತ್ರೆ, ಸಕ್ಕರೆ ಮತ್ತು ರಕ್ತದೊತ್ತಡದ ಹತೋಟಿ, ಬೀಡಿ–ಸಿಗರೇಟು–ಕಡ್ಡಿಪುಡಿ ಬಿಡುವುದು, ದಿನಕ್ಕೆ ಅರ್ಧ ಗಂಟೆ ನಡಿಗೆ ಇವು ಸ್ಟೆಂಟ್ ಹಾಕಿಸಿಕೊಂಡವರಿಗೂ ಬೇಕು, ಹಾಕಿಸಿಕೊಳ್ಳದವರಿಗೂ ಬೇಕು. ಮನೆಯಲ್ಲಿ ಹೃದಯದ ತೊಂದರೆ ಇರುವವರಿದ್ದರೆ ಮೇಲೆ ಹೇಳಿದ ಆರು ಅಂಶಗಳ ಪಟ್ಟಿಯನ್ನು ಕತ್ತರಿಸಿ, ಅವರ ಔಷಧಿಯ ಡಬ್ಬಿಯಲ್ಲಿ ಈಗಲೇ ಇಟ್ಟುಬಿಡಿ.